ಸಿಂಧನೂರಿನಿಂದ ಲೀಗ್‌ಗೆ ಎಷ್ಟು ದೂರ?

ಭಾರತಕ್ಕೆ ಪುರುಷರ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಬೇಕು ಎಂಬ ಮಾತು ಮತ್ತೆ ಕೇಳಿಬರುತ್ತಿದೆ. ‘ಮತ್ತೆ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಕಳೆದ ಒಂದೂವರೆ ದಶಕದಲ್ಲಿ ಈ ಕನಸು ಹಲವು ಬಾರಿ ಹುಟ್ಟಿದೆ, ಹಲವು ಬಾರಿ ಸದ್ದಿಲ್ಲದೆ ಮಲಗಿದೆ. ಪ್ರತಿ ಸಲವೂ ಮೊದಲು ಬಂದದ್ದು ಲಾಂಛನ, ಆಮೇಲೆ ತಂಡಗಳ ಹೆಸರು, ಆಮೇಲೆ ಟಿ.ವಿ. ಒಪ್ಪಂದ. ಆಟಗಾರ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬಂದಿತು. ಕೆಲವು ಸಲ ಬರಲೇ ಇಲ್ಲ.

ಈ ಪ್ರಶ್ನೆಯನ್ನು ನಾನು ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಕಡೆಯಿಂದ ನೋಡಬಯಸುತ್ತೇನೆ. ಬ್ಯಾಸ್ಕೆಟ್‌ಬಾಲ್‌ಗೂ ಈ ಊರುಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸದ್ಯಕ್ಕೆ ಹೆಚ್ಚಿನ ಸಂಬಂಧವೇನೂ ಇಲ್ಲ ಎಂಬುದೇ ನನ್ನ ವಾದದ ಆರಂಭ. ಬೆಂಗಳೂರು, ಚೆನ್ನೈ, ಮುಂಬೈಗಳ ಹವಾನಿಯಂತ್ರಿತ ಒಳಾಂಗಣಗಳಲ್ಲಿ ಲೀಗ್ ನಡೆಸುವುದು ಹಣದ ಪ್ರಶ್ನೆ. ಅದು ಐದು ವರ್ಷದ ನಂತರವೂ ಉಳಿಯುತ್ತದೆಯೇ ಎಂಬುದು ಮಾತ್ರ ಇಂಥ ತಾಲ್ಲೂಕುಗಳಲ್ಲಿ ತೀರ್ಮಾನವಾಗುವ ಸಂಗತಿ.

ಮೊದಲು ಈವರೆಗಿನ ಲೆಕ್ಕ. 2010ರಲ್ಲಿ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಐಎಂಜಿ-ರಿಲಯನ್ಸ್ ಸಂಸ್ಥೆಯೊಂದಿಗೆ 30 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಶಾಲಾ-ಕಾಲೇಜು ಮಟ್ಟದ ಟೂರ್ನಿಗಳು ನಡೆದವು, ಕೆಲವು ಮಕ್ಕಳಿಗೆ ಅಮೆರಿಕದಲ್ಲಿ ತರಬೇತಿ ದೊರೆಯಿತು. ಆದರೆ ಎಲ್ಲರೂ ಕಾದು ಕುಳಿತಿದ್ದ ವೃತ್ತಿಪರ ಲೀಗ್ ಆ ದಶಕ ಮುಗಿದರೂ ಹುಟ್ಟಲಿಲ್ಲ. ಅದೇ ಸಂಸ್ಥೆ 2014ರಲ್ಲಿ ಫುಟ್‌ಬಾಲ್‌ಗಾಗಿ ಇಂಡಿಯನ್ ಸೂಪರ್ ಲೀಗ್ ಆರಂಭಿಸಿತು ಎಂಬುದನ್ನು ನೆನೆದರೆ ಬ್ಯಾಸ್ಕೆಟ್‌ಬಾಲ್ ಪ್ರಿಯರಿಗೆ ಈಗಲೂ ಹೊಟ್ಟೆ ಉರಿಯುತ್ತದೆ. (ಹೊಟ್ಟೆ ಉರಿದುಕೊಳ್ಳಬೇಕಾದ ಕಾರಣ ಈಗ ಅಷ್ಟಿಲ್ಲ. 2025ರ ಜುಲೈನಲ್ಲಿ ಆ ಫುಟ್‌ಬಾಲ್ ಲೀಗಿನ ಋತುವೇ ಒಪ್ಪಂದದ ಗೊಂದಲದಿಂದ ತಡೆಹಿಡಿಯಲ್ಪಟ್ಟಿತು.)

2015ರಲ್ಲಿ ಯುಬಿಎ ಎಂಬ ಖಾಸಗಿ ಲೀಗ್ ಬಂದಿತು. ಎಂಟು ತಂಡಗಳಿದ್ದ ಆ ಲೀಗಿನಲ್ಲಿ ನಮ್ಮ ರಾಜ್ಯದ ಹೆಸರಿಗೆ ‘ಬೆಂಗಳೂರು ಬೀಸ್ಟ್’ ಇತ್ತು. ಫೆಡರೇಷನ್ನಿನ ಮಾನ್ಯತೆ ಅದಕ್ಕೆ ಇರಲಿಲ್ಲ. 2017ರ ನಂತರ ನಿಂತುಹೋಯಿತು. 2018ರಲ್ಲಿ ಮೂವರು-ಮೂವರ ಆಟದ 3ಬಿಎಲ್ ಬಂದಿತು. ಅದರಲ್ಲೊಂದು ತಂಡಕ್ಕೆ ‘ಬೆಂಗಳೂರು ಮಚ್ಚಾಸ್’ ಎಂದು ಹೆಸರಿಟ್ಟಿದ್ದರು. ಹೆಸರಿನಲ್ಲಾದರೂ ಊರಿನ ಬೀದಿಯ ವಾಸನೆಯಿತ್ತು. 2022ರ ಅಕ್ಟೋಬರ್‌ನಲ್ಲಿ ಫೆಡರೇಷನ್ನಿನ ಬೆಂಬಲದೊಂದಿಗೆ ಇಂಡಿಯನ್ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ ಆರಂಭವಾಯಿತು. ಆರು ತಂಡಗಳಿದ್ದವು, ‘ಬೆಂಗಳೂರು ಕಿಂಗ್ಸ್’ ಅವುಗಳಲ್ಲೊಂದು. 2023ರ ಜನವರಿಯಲ್ಲಿ ಚೆನ್ನೈ ಹೀಟ್ ಪ್ರಶಸ್ತಿ ಗೆದ್ದಿತು. ಎರಡು ವರ್ಷದ ನಂತರ, 2025ರ ಆರಂಭದಲ್ಲಿ, ಅದೇ ಲೀಗ್ 25 ವರ್ಷದೊಳಗಿನವರ ಟೂರ್ನಿಯಾಗಿ ದೆಹಲಿಯ ತ್ಯಾಗರಾಜ ಕ್ರೀಡಾಂಗಣವೊಂದರಲ್ಲೇ ನಡೆಯಿತು. ಈ ಬಾರಿಯ ಆರು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ಈ ಸಂಗತಿ ನಮ್ಮ ರಾಜ್ಯದಲ್ಲಿ ಸುದ್ದಿಯೂ ಆಗಲಿಲ್ಲ. ಆಗುವುದು ಹೇಗೆ? ಇದ್ದ ತಂಡ ಯಾರದೂ ಆಗಿರಲಿಲ್ಲ.

ನನ್ನ ಮಾತು ಕಟುವೆನಿಸಬಹುದು. ಆದರೆ ಈ ಲೀಗುಗಳ ರಚನೆಯನ್ನು ಗಮನಿಸಿ. ತಂಡದ ಹೆಸರಿನಲ್ಲಿ ಊರಿದೆ, ಆಟ ಆ ಊರಿನಲ್ಲಿಲ್ಲ. ಎಲ್ಲ ತಂಡಗಳೂ ಒಂದೂರಿನಲ್ಲಿ ಸೇರಿ ಒಂದು ಸುತ್ತು ಆಡಿ, ಗಂಟುಮೂಟೆ ಕಟ್ಟಿಕೊಂಡು ಮುಂದಿನ ಊರಿಗೆ ಹೋಗುವ ಪದ್ಧತಿ. ನಮ್ಮ ಭಾಗದಲ್ಲಿ ಜಾತ್ರೆಯಿಂದ ಜಾತ್ರೆಗೆ ಹೋಗುವ ನಾಟಕ ಕಂಪನಿಗಳು ಹೀಗೆಯೇ ಮಾಡುತ್ತವೆ. ಆದರೆ ಕಂಪನಿಯವರು ಒಂದೂರಿಗೆ ಬಂದರೆ ತಿಂಗಳುಗಟ್ಟಲೆ ಡೇರೆ ಹಾಕುತ್ತಾರೆ, ಪ್ರೇಕ್ಷಕರ ಮುಖ ಪರಿಚಯ ಮಾಡಿಕೊಳ್ಳುತ್ತಾರೆ.

ಇನ್ನು ಮೂರು ತಾಲ್ಲೂಕುಗಳಿಗೆ ಬರೋಣ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಭತ್ತದ ಗದ್ದೆ, ಅಕ್ಕಿ ಗಿರಣಿ, ಕಟಾವು ಯಂತ್ರ, ಕ್ಯಾಂಪುಗಳು. ಹಣ ಓಡಾಡುವ ಊರು. ಲಿಂಗಸುಗೂರು ಒಂದು ಕಾಲಕ್ಕೆ ದಂಡು ಪ್ರದೇಶ. ಅದೇ ತಾಲ್ಲೂಕಿನ ಹಟ್ಟಿಯಲ್ಲಿ ದೇಶದ ಹೆಸರಾಂತ ಚಿನ್ನದ ಗಣಿಯಿದೆ. ಮಸ್ಕಿಯನ್ನು ಚರಿತ್ರೆ ಓದಿದವರೆಲ್ಲ ಬಲ್ಲರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಅಲ್ಲಿ ಶಾಸನ ಕಂಡ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಆ ಬಂಡೆಯಿಂದ ಖಚಿತವಾಯಿತು. ಮಸ್ಕಿ ತಾಲ್ಲೂಕಾದದ್ದು ಮಾತ್ರ ತೀರಾ ಈಚೆಗೆ, 2018ರ ಸುಮಾರಿಗೆ. ಹೊಸ ತಾಲ್ಲೂಕು ಎಂದರೆ ಮೊದಲು ತಹಶೀಲ್ದಾರ್ ಕಚೇರಿ, ಆಮೇಲೆ ಖಜಾನೆ, ನ್ಯಾಯಾಲಯ, ಬಸ್ ಡಿಪೊ. ಕ್ರೀಡಾಂಗಣದ್ದು ಸಾಲಿನಲ್ಲಿ ಕೊನೆಯ ಸ್ಥಾನ.

ಈ ಭಾಗದ ಹುಡುಗರು ಆಡುವುದಿಲ್ಲವೆಂದಲ್ಲ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಇವೆ. ಕ್ರಿಕೆಟ್ ಅಂತೂ ಇದ್ದೇ ಇದೆ. ವಾಲಿಬಾಲ್‌ಗೆ ಎರಡು ಕಂಬ, ಒಂದು ಬಲೆ ಸಾಕು; ಸುಗ್ಗಿ ಮುಗಿದ ಗದ್ದೆಯೂ ಆದೀತು. ಬ್ಯಾಸ್ಕೆಟ್‌ಬಾಲ್ ಹಾಗಲ್ಲ. ಚೆಂಡು ಪುಟಿಯಬೇಕು, ಪುಟಿಯಲು ನೆಲ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣ, ನೆಲದಿಂದ 3.05 ಮೀಟರ್ ಎತ್ತರದಲ್ಲಿ ಬಳೆ. ಇಷ್ಟು ಕಾಂಕ್ರೀಟ್ ಹಾಕುವುದು ದೊಡ್ಡ ಮಾತೇ ಎಂದು ಬೆಂಗಳೂರಿನಲ್ಲಿ ಕುಳಿತವರು ಕೇಳಬಹುದು. ಸಿಂಧನೂರು ಸೀಮೆಯ ಎರೆಭೂಮಿಯ ಸ್ವಭಾವ ಬಲ್ಲವರು ಕೇಳಲಾರರು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಆಳಕ್ಕೆ ಮಣ್ಣು ತೆಗೆದು, ಗರಸು ತುಂಬಿ, ಸರಿಯಾಗಿ ದಮ್ಮಸ್ಸು ಮಾಡದೆ ಮೇಲೆ ಕಾಂಕ್ರೀಟ್ ಸುರಿದರೆ ಎರಡು ಬೇಸಗೆ ಕಳೆಯುವುದರೊಳಗೆ ಅಂಕಣದ ಮೇಲೆ ನಕಾಶೆ ಮೂಡುತ್ತದೆ. ಆ ಬಿರುಕಿನ ಮೇಲೆ ಬಿದ್ದ ಚೆಂಡು ಆಟಗಾರನ ಕೈಗೆ ವಾಪಸು ಬರುವುದಿಲ್ಲ, ಬೇಲಿಯ ಕಡೆ ಹೋಗುತ್ತದೆ. ಟೆಂಡರಿನ ಅಂದಾಜುಪಟ್ಟಿಯಲ್ಲಿ ಮೊದಲು ಕಡಿತವಾಗುವುದು ಕಣ್ಣಿಗೆ ಕಾಣದ ತಳಪಾಯವೇ. ಈ ಸೀಮೆಯಲ್ಲಿ ಬರೀ ಕಂಬ ಉಳಿದು ಬಳೆ ತುಕ್ಕು ಹಿಡಿದ ಅಂಕಣಗಳನ್ನು ನಾನು ಕಂಡಿದ್ದೇನೆ. ಒಂದೆಡೆ ಭತ್ತ ಒಣಹಾಕಿದ್ದರು. ಭತ್ತ ಒಣಹಾಕಿದವರನ್ನು ನಾನು ದೂರುವುದಿಲ್ಲ. ಗಟ್ಟಿನೆಲ ಸಿಕ್ಕಿತು, ಬಳಸಿದರು.

ನೆಲಕ್ಕಿಂತ ದೊಡ್ಡ ಕೊರತೆ ಕಲಿಸುವವರದು. ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರೇ ಇಲ್ಲ. ಇರುವವರು ಪ್ರಾರ್ಥನೆ, ಬಿಸಿಯೂಟ, ಚುನಾವಣೆ, ಗಣತಿಗಳ ನಡುವೆ ಹಂಚಿಹೋಗಿದ್ದಾರೆ. ವೈದ್ಯನಾಥನ್ ವರದಿ ಜಾರಿಗೆ ಬರಲಿ ಎಂದು ಅವರ ಸಂಘ ವರ್ಷಗಳಿಂದ ಕೇಳುತ್ತ ಬಂದಿದೆ. ಪಿ.ಟಿ. ಮೇಷ್ಟ್ರು ಇಲ್ಲದ ಶಾಲೆಯಲ್ಲಿ ಆರಡಿ ಎತ್ತರದ ಒಂಬತ್ತನೇ ಇಯತ್ತೆಯ ಹುಡುಗನನ್ನು ಕಂಡರೆ ಎಲ್ಲರಿಗೂ ತೋಚುವುದು ಒಂದೇ: ಅವನನ್ನು ಹಿಂದಿನ ಬೆಂಚಿಗೆ ಕಳಿಸುವುದು.

ಹಾಗೂ ಹೀಗೂ ಆಟ ಕಲಿತ ಹುಡುಗ ಏನನ್ನು ಬಯಸುತ್ತಾನೆ? ಲೀಗ್ ಕಟ್ಟಲು ಹೊರಟವರು ಈ ಪ್ರಶ್ನೆಯನ್ನು ಕೇಳಿದಂತಿಲ್ಲ. ಅವನ ಮನೆಯವರು ಕಾಲುವೆಯ ನೀರಿನ ಮೇಲೆ ಬದುಕುವವರು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಸಿಂಧನೂರಿನ ಮನೆಮನೆಗಳಲ್ಲಿ ವರ್ಷದ ಲೆಕ್ಕವೇ ತಲೆಕೆಳಗಾಯಿತು. ಇಂಥ ಮನೆಯ ಮಗನಿಗೆ ಆಟವೆಂದರೆ ನೌಕರಿಯ ಬಾಗಿಲು. ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕು. ಭಾರತದ ಬ್ಯಾಸ್ಕೆಟ್‌ಬಾಲ್ ಇವತ್ತಿಗೂ ನಿಂತಿರುವುದು ಈ ನೌಕರಿಗಳ ಮೇಲೆಯೇ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ರಾಜ್ಯಗಳ ಜೊತೆಗೆ ರೈಲ್ವೆ, ಸರ್ವಿಸಸ್ ತಂಡಗಳು ಆಡುವುದು ಸುಮ್ಮನೆ ಅಲ್ಲ. ಪುಟ್ಟ ರಾಜ್ಯ ಉತ್ತರಾಖಂಡ ರಾಷ್ಟ್ರೀಯ ಪ್ರಶಸ್ತಿ ಗೆಲ್ಲುವಷ್ಟು ಬೆಳೆದದ್ದು ಡೆಹ್ರಾಡೂನಿನಲ್ಲಿ ಒಎನ್‌ಜಿಸಿ ಆಟಗಾರರಿಗೆ ಕೆಲಸ ಕೊಟ್ಟದ್ದರಿಂದ. ಅರ್ಜುನ ಪ್ರಶಸ್ತಿ ಪಡೆದ ವಿಶೇಷ್ ಭೃಗುವಂಶಿಯೂ ಆ ಸಂಸ್ಥೆಯ ನೌಕರರೇ. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕ್ ತಂಡಕ್ಕೆ ಒಂದು ಹೆಸರಿತ್ತು. 2019ರ ಏಪ್ರಿಲ್‌ನಲ್ಲಿ ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. ಅದಕ್ಕೆ ಎರಡು ವರ್ಷ ಮೊದಲು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಮರುವರ್ಷ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಇಲ್ಲವಾದವು. ವಿಲೀನಗಳ ಆರ್ಥಿಕ ಲಾಭನಷ್ಟಗಳನ್ನು ತಜ್ಞರು ಬರೆದಿದ್ದಾರೆ. ಆಟಗಾರರನ್ನು ನೇಮಿಸಿಕೊಳ್ಳಬಹುದಾಗಿದ್ದ ಬಾಗಿಲುಗಳು ಕಡಿಮೆಯಾದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

ಹಾಗಾಗಿ ವರ್ಷಕ್ಕೆ ಆರೆಂಟು ವಾರದ ಲೀಗೊಂದು ಈ ಹುಡುಗನೆದುರು ಕರಾರುಪತ್ರ ಹಿಡಿದರೆ ಅವನ ತಂದೆ ಕೇಳುವ ಮೊದಲ ಪ್ರಶ್ನೆ: ಉಳಿದ ಹತ್ತು ತಿಂಗಳು? ಇದು ಅಜ್ಞಾನದ ಪ್ರಶ್ನೆಯಲ್ಲ. 2015ರಿಂದ ಈಚೆಗೆ ನಿಂತುಹೋದ ಲೀಗುಗಳ ಪಟ್ಟಿ ನೋಡಿದವರಿಗೆ ಅದು ತೀರಾ ವಿವೇಕದ ಪ್ರಶ್ನೆ. ರಾಜ್ಯ ಸರ್ಕಾರ ಪೊಲೀಸ್ ಇಲಾಖೆಯಲ್ಲಿ ಶೇ 3ರಷ್ಟು, ಇತರ ಇಲಾಖೆಗಳಲ್ಲಿ ಶೇ 2ರಷ್ಟು ಹುದ್ದೆಗಳನ್ನು ಕ್ರೀಡಾಪಟುಗಳಿಗೆ ಮೀಸಲಿಡುವುದಾಗಿ ಪ್ರಕಟಿಸಿದೆ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ವಿಧಿಯ ರಕ್ಷಣೆಯೂ ಇದೆ. ಲೀಗ್ ಈ ವ್ಯವಸ್ಥೆಯೊಂದಿಗೆ ಪೈಪೋಟಿಗಿಳಿದರೆ ಸೋಲುತ್ತದೆ, ಜೊತೆಗೂಡಿದರೆ ಉಳಿಯಬಹುದು. ನೌಕರಿಯಲ್ಲಿರುವ ಆಟಗಾರನಿಗೆ ಲೀಗ್ ಅವಧಿಗೆ ವೇತನಸಹಿತ ರಜೆ ಸಿಗುವಂತೆ ಫೆಡರೇಷನ್, ರೈಲ್ವೆ, ರಾಜ್ಯ ಸರ್ಕಾರಗಳ ನಡುವೆ ಲಿಖಿತ ಒಪ್ಪಂದ ಮೊದಲು ಆಗಬೇಕು. ಲಾಂಛನ ಆಮೇಲೆ ಬರೆಸಬಹುದು.

ಹಳ್ಳಿಯಿಂದ ಈ ಆಟದ ತುದಿಯವರೆಗೆ ಹೋದವರಿಲ್ಲವೇ? ಇದ್ದಾರೆ. ಪಂಜಾಬಿನ ಬಲ್ಲೋ ಕೆ ಎಂಬ ಸಣ್ಣ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ ಭಮಾರಾ 2015ರಲ್ಲಿ ಎನ್‌ಬಿಎ ಆಯ್ಕೆಪಟ್ಟಿಯಲ್ಲಿ 52ನೆಯವನಾಗಿ ಡಲ್ಲಾಸ್ ಮ್ಯಾವರಿಕ್ಸ್ ತಂಡಕ್ಕೆ ಆಯ್ಕೆಯಾದ. ಹಾಗೆ ಆಯ್ಕೆಯಾದ ಮೊದಲ ಭಾರತೀಯ. ಅವನ ಎತ್ತರವನ್ನು ಎಲ್ಲರೂ ಹೊಗಳಿದರು. ನನಗೆ ಮುಖ್ಯವೆನಿಸುವುದು ಬೇರೆ. ಆ ಹಳ್ಳಿಯಿಂದ ತಲುಪಬಹುದಾದ ದೂರದಲ್ಲಿ ಲುಧಿಯಾನಾ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಯಿತ್ತು, ವಾಸಕ್ಕೆ ಹಾಸ್ಟೆಲ್ ಇತ್ತು, ಡಾ. ಎಸ್. ಸುಬ್ರಮಣಿಯನ್ ಅವರಂಥ ತರಬೇತುದಾರರಿದ್ದರು. ಕತೆಯ ಎರಡನೆಯ ಭಾಗವನ್ನೂ ಹೇಳಬೇಕು. ಸತ್ನಾಮ್ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಕೊನೆಗೆ ಅಮೆರಿಕದ ವೃತ್ತಿಪರ ಕುಸ್ತಿ ಪ್ರದರ್ಶನಗಳಿಗೆ ಸೇರಿದ. ಅವನ ಹಾದಿಯಲ್ಲಿ ಬೇರೆ ತೊಡಕುಗಳೂ ಇದ್ದವು. ಆದರೂ ತಿರುಗಿ ಬಂದು ಗೌರವದಿಂದ ಆಡಬಹುದಾದ, ವರ್ಷದಿಂದ ವರ್ಷಕ್ಕೆ ನಡೆಯುವ ಒಂದು ಲೀಗ್ ತಾಯ್ನೆಲದಲ್ಲಿ ಅವನಿಗಾಗಿ ಇರಲಿಲ್ಲ ಎಂಬುದಂತೂ ನಿಜ.

ಏಷ್ಯಾದ ಎರಡು ದೇಶಗಳನ್ನು ನೋಡೋಣ. ಫಿಲಿಪ್ಪೀನ್ಸ್‌ನ ಪಿಬಿಎ 1975ರಲ್ಲಿ ಆರಂಭವಾಯಿತು, ಏಷ್ಯಾದ ಮೊದಲ ವೃತ್ತಿಪರ ಲೀಗ್ ಅದು. ತಂಡಗಳಿಗೆ ಊರಿನ ಹೆಸರಿಲ್ಲ, ಕಂಪನಿಗಳ ಹೆಸರಿದೆ. ಆದರೂ ಅದು ಐದು ದಶಕ ಬಾಳಿತು. ಏಕೆಂದರೆ ಆ ದೇಶದ ಕೇರಿಕೇರಿಯಲ್ಲಿ ಒಂದು ಬಳೆ ನೇತಾಡುತ್ತದೆ. ಜಪಾನಿನ ಕತೆ ನಮಗೆ ಇನ್ನೂ ಹತ್ತಿರ. ಅಲ್ಲಿ ಎರಡು ಲೀಗುಗಳು ಕಚ್ಚಾಡುತ್ತಿದ್ದವು. ಬೇಸತ್ತ ಅಂತರರಾಷ್ಟ್ರೀಯ ಸಂಸ್ಥೆ 2014ರ ನವೆಂಬರ್‌ನಲ್ಲಿ ಜಪಾನನ್ನೇ ಅಮಾನತು ಮಾಡಿತು. ಫುಟ್‌ಬಾಲ್ ಲೀಗ್ ಕಟ್ಟಿದ ಅನುಭವವಿದ್ದ ಸಬುರೊ ಕವಾಬುಚಿ ಅವರನ್ನು ಕರೆತಂದು ಎರಡನ್ನೂ ಕೂಡಿಸಿದರು. 2016ರ ಸೆಪ್ಟೆಂಬರ್‌ನಲ್ಲಿ ಬಿ.ಲೀಗ್ ಶುರುವಾಯಿತು. ಮೂರು ಹಂತಗಳ ಆ ಲೀಗಿನಲ್ಲಿ ಟೋಕಿಯೊ ಮಾತ್ರವಲ್ಲ, ಅಕಿತಾ, ಒಕಿನಾವಾಗಳಂಥ ದೂರದ ಪ್ರಾಂತ್ಯಗಳಿಗೂ ಸ್ವಂತ ತಂಡವಿದೆ. ತಂಡ ತನ್ನ ಊರಿನಲ್ಲೇ ಆಡಬೇಕು, ಊರಿನ ಮಕ್ಕಳಿಗೆ ತರಬೇತಿ ಕೊಡಬೇಕು. 2023ರ ವಿಶ್ವಕಪ್‌ನಲ್ಲಿ ಜಪಾನ್ ಒಕಿನಾವಾದಲ್ಲೇ ಆಡಿ ಮೂರು ಪಂದ್ಯ ಗೆದ್ದು ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. ನಾವು ಒಲಿಂಪಿಕ್ಸ್‌ನಲ್ಲಿ ಈ ಆಟ ಆಡಿದ್ದು ಒಂದೇ ಸಲ, 1980ರ ಮಾಸ್ಕೊದಲ್ಲಿ. ಅದೂ ಬೇರೆ ದೇಶಗಳು ಬಹಿಷ್ಕರಿಸಿದ್ದರಿಂದ ತೆರವಾದ ಜಾಗದಲ್ಲಿ. 2025ರ ಆಗಸ್ಟ್‌ನಲ್ಲಿ ಜಿದ್ದಾದ ಏಷ್ಯಾ ಕಪ್‌ನಲ್ಲಿ ನಮ್ಮ ತಂಡ ಗುಂಪಿನ ಮೂರೂ ಪಂದ್ಯ ಸೋತಿತು. ಆದರೆ ಜೋರ್ಡಾನ್ ವಿರುದ್ಧದ ಪಂದ್ಯವನ್ನು ಹೆಚ್ಚುವರಿ ಅವಧಿಯವರೆಗೆ ಎಳೆದೊಯ್ದಿತು. ಹುಡುಗರಲ್ಲಿ ಕಸುವಿಲ್ಲವೆಂದು ಹೇಳುವಂತಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಣಿತ, ಇಂಗ್ಲಿಷ್ ಮೇಷ್ಟ್ರುಗಳೇ ಇಲ್ಲದ ಶಾಲೆಗಳಿರುವ ಜಿಲ್ಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಯಾರಿಗೆ ಬೇಕು? ಕಾನ್ವೆಂಟಿನ ಆಟ ಅದು. ಕಬಡ್ಡಿಗೆ ಹಣ ಕೊಡಿ ಎನ್ನುವವರಿದ್ದಾರೆ. ಕಬಡ್ಡಿಗೆ ಕೊಡಬೇಕು, ನಿಜ. 2014ರಲ್ಲಿ ಪ್ರೊ ಕಬಡ್ಡಿಯ ಅತಿ ಹೆಚ್ಚಿನ ಬೆಲೆ ₹12.80 ಲಕ್ಷವಿತ್ತು, ನಾಲ್ಕೇ ವರ್ಷದಲ್ಲಿ ಅದು ಕೋಟಿ ದಾಟಿತು. ಹಳ್ಳಿಯ ಆಟಕ್ಕೂ ಮಾರುಕಟ್ಟೆಯಿದೆ ಎಂದು ಆ ಲೀಗ್ ತೋರಿಸಿತು. ಆದರೆ 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದಾಗ ನಾವೆಲ್ಲ ಹೆಮ್ಮೆಪಟ್ಟ ತಂಡದ ಮುಂಚೂಣಿಯಲ್ಲಿದ್ದವರು ದೆಹಲಿ, ಹರಿಯಾಣ ಕಡೆಯ ಹುಡುಗರು. ಅಲ್ಲಿನ ಊರುಗಳಲ್ಲಿ ಅಖಾಡವಿದೆ, ಗುರುವಿದ್ದಾನೆ, ದಿನವೂ ಅಭ್ಯಾಸವಿದೆ. ಮಣ್ಣಿನ ಆಟವೇ ಇರಲಿ, ಕಾಂಕ್ರೀಟಿನ ಆಟವೇ ಇರಲಿ, ತಾಲ್ಲೂಕು ಮಟ್ಟದಲ್ಲಿ ವರ್ಷವಿಡೀ ಸಂಬಳ ಪಡೆಯುವ ಒಬ್ಬ ತರಬೇತುದಾರ ಇಲ್ಲದಿದ್ದರೆ ಲೀಗಿನ ಹಣ ರಾಯಚೂರಿನ ದಾರಿ ಹಿಡಿಯುವುದಿಲ್ಲ. ಕಾನ್ವೆಂಟಿನ ಆಟ ಎಂಬ ಹಣೆಪಟ್ಟಿಯೂ ಅಂಕಣಗಳು ಕಾನ್ವೆಂಟುಗಳಲ್ಲಿ ಮಾತ್ರ ಇರುವುದರಿಂದ ಬಂದದ್ದು. ಬಲ್ಲೋ ಕೆಯಲ್ಲಿ ಯಾವ ಕಾನ್ವೆಂಟೂ ಆ ಆಟ ಕಲಿಸಲಿಲ್ಲ.

ಹಾಗಾದರೆ ಆಗಬೇಕಾದ್ದೇನು? ಮುಂದಿನ ಲೀಗ್ ಯಾರದೇ ಇರಲಿ, ಫೆಡರೇಷನ್ ಅದರ ಫ್ರಾಂಚೈಸಿ ಕರಾರಿನಲ್ಲಿ ಒಂದು ಷರತ್ತು ಸೇರಿಸಬೇಕು: ಬೆಂಗಳೂರಿನ ಹೆಸರಿನಲ್ಲಿ ತಂಡ ಕೊಳ್ಳುವವರು ರಾಜಧಾನಿಯಿಂದ ದೂರದ ಮೂರು ತಾಲ್ಲೂಕುಗಳ ಹೊಣೆಯನ್ನೂ ಹೊರಬೇಕು. ಹನ್ನೆರಡೂ ತಿಂಗಳು ಸಂಬಳದ ತರಬೇತುದಾರ, ಚೆಂಡು, ಅಂತರಶಾಲಾ ಪಂದ್ಯಾವಳಿ, ಅಂಕಣದ ದುರಸ್ತಿ. ಪೂರ್ಣ ಅಂಕಣ ಆಗದಿದ್ದರೆ ಅರ್ಧದಿಂದ ಆರಂಭಿಸಬಹುದು. ಮೂವರು-ಮೂವರ ಆಟಕ್ಕೆ ಒಂದೇ ಬಳೆ, ಅರ್ಧ ನೆಲ ಸಾಕು. ಟೋಕಿಯೊದಿಂದ ಅದು ಒಲಿಂಪಿಕ್ಸ್‌ನಲ್ಲೂ ಇದೆ. ಅಂಕಣ ಹೆಣ್ಣುಮಕ್ಕಳ ಪ್ರೌಢಶಾಲೆಯ ಆವರಣದಲ್ಲೂ ಆಗಬೇಕೆಂಬುದು ನನ್ನ ಒತ್ತಾಯ. ಲೀಗ್ ಪುರುಷರದ್ದಾದರೂ ನೆಲಕ್ಕೆ ಆ ಭೇದವಿಲ್ಲ. 2017ರಲ್ಲಿ ಬೆಂಗಳೂರಿನಲ್ಲೇ ಏಷ್ಯಾ ಕಪ್‌ನ ‘ಬಿ’ ವಿಭಾಗ ಗೆದ್ದು ತಂದವರು ಮಹಿಳೆಯರು.

ಹಣದ ಮೂಲಗಳೂ ದೂರವಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ಲಾಭದಲ್ಲಿರುವ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಕೊಡಬೇಕು. ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿ ಅದರ ಏಳನೇ ಅನುಸೂಚಿಯಲ್ಲೇ ಇದೆ. ಹಟ್ಟಿ ಚಿನ್ನದ ಗಣಿ ಕಂಪನಿ ಸರ್ಕಾರದ್ದು, ಅದರ ಚಿನ್ನ ಬರುವುದು ಲಿಂಗಸುಗೂರು ತಾಲ್ಲೂಕಿನ ನೆಲದಿಂದ. ಗಣಿ ಇರುವ ಊರಿನಲ್ಲಿ ಎಂಜಿನಿಯರುಗಳೂ ಇರುತ್ತಾರೆ, ಎರೆಮಣ್ಣನ್ನು ಎಷ್ಟು ಆಳಕ್ಕೆ ತೆಗೆಯಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ ಸರ್ಕಾರ ₹5,000 ಕೋಟಿ ಘೋಷಿಸಿತ್ತು. ಅದರ ಕ್ರಿಯಾಯೋಜನೆಗಳಲ್ಲಿ ಸಮುದಾಯ ಭವನಗಳಿಗೆ ಸಿಗುವಷ್ಟು ಆಸಕ್ತಿ ಆಟದ ನೆಲಕ್ಕೂ ಸಿಗಲಿ. ಭವನದ ಗೋಡೆಯ ಮೇಲೆ ಹೆಸರು ಕೆತ್ತಿಸಬಹುದು ಎಂಬ ಅನುಕೂಲ ಅಂಕಣಕ್ಕಿಲ್ಲ, ಒಪ್ಪುತ್ತೇನೆ. ಬೇಕಿದ್ದರೆ ಬಳೆಯ ಹಿಂದಿನ ಹಲಗೆಯ ಮೇಲೆ ಬರೆಸಿಕೊಳ್ಳಲಿ.

ದೂರದ ಮಾತೂ ಇದೆ. ರಾಜ್ಯ ತಂಡದ ಆಯ್ಕೆ ಬೆಂಗಳೂರಿನಲ್ಲಿ ನಡೆದರೆ ಮಸ್ಕಿಯ ಹುಡುಗ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಬೆಳಿಗ್ಗೆ ಊದಿದ ಕಾಲಿನಲ್ಲಿ ಅಂಕಣಕ್ಕಿಳಿಯಬೇಕು. 1997–98ರಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗದಲ್ಲಿ ರೈಲು ಸಿಂಧನೂರು ಮುಟ್ಟಿದ್ದು 2024ರ ಮಾರ್ಚ್‌ನಲ್ಲಿ. ಲಿಂಗಸುಗೂರಿನ ಮೇಲೆ ಹಾಯಬೇಕಾದ ಗದಗ–ವಾಡಿ ಮಾರ್ಗ 2025ರ ಮೇನಲ್ಲಿ ಕುಷ್ಟಗಿಯವರೆಗೆ ಬಂದಿತು. ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ದೇಶದಲ್ಲೇ ಅತಿ ಹೆಚ್ಚು ಕೆಲಸ ಕೊಡುವವರಲ್ಲಿ ಒಂದಾದ ರೈಲ್ವೆ, ಈ ಸೀಮೆಗೆ ಹಳಿ ಹಾಕಲು ಕಾಲು ಶತಮಾನಕ್ಕಿಂತ ಹೆಚ್ಚು ತೆಗೆದುಕೊಂಡಿತು. ಆಯ್ಕೆದಾರರು ಅಷ್ಟು ಕಾಲ ಕಾಯಬೇಕಿಲ್ಲ. ವಲಯವಾರು ಆಯ್ಕೆಯನ್ನು ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ನಡೆಸಲು ರಾಜ್ಯ ಸಂಸ್ಥೆಗೆ ಒಂದು ಸುತ್ತೋಲೆ ಸಾಕು. ಈ ಋತುವಿನಲ್ಲೇ ಅದನ್ನು ಹೊರಡಿಸಬಹುದು.